ವರನ ಹೆಸರು ಕಡ್ಡಾಯ

"ಈ ಹಾಳಿ ಯಾರು ಬರದದ್ದು?"

ಕಂಪ್ಯೂಟರ್ ಪರದೆಯಿಂದ ಶಾಂಭವಿ ತಲೆ ಎತ್ತಿದಳು. ಗೋಡೆಗೆ ಅಂಟಿಸಿದ್ದ ದೊಡ್ಡ ಡ್ರಾಯಿಂಗ್ ಹಾಳೆಯ ಮುಂದೆ ಒಬ್ಬ ಉದ್ದನೆಯ ಯುವಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಅಂಗಿಯ ಮೇಲೆ ಕೂಡ್ಲಿಗಿ ಬಸ್ಸಿನ ಧೂಳು ಹಾಗೇ ಇತ್ತು.

"ನಾನೇ ಬರದದ್ದು. ಯಾಕ್ರಿ?"

"ಹರದು ಹಾಕ್ರಿ."

ಎಂಟು ದಿನ! ಎಂಟು ದಿನ ಸ್ಕೇಲು ಹಿಡಿದು, ಮೂರು ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದು ಮಾಡಿದ ಹಾಳೆ ಅದು. ಶಾಂಭವಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು.

'ಯಾರಿವನು? ಒಳಗೆ ಬಂದು ಒಂದು ಲೋಟ ನೀರು ಕುಡಿಯುವ ಮೊದಲೇ ಹರಿದು ಹಾಕು ಅನ್ನುವವನು...'

ಅವನು ಹುಲುಗೇಶ. 2004ರ ಜೂನ್ ತಿಂಗಳ ಆ ಬೆಳಿಗ್ಗೆ, ಕೊಟ್ಟೂರು ಬಸ್ ನಿಲ್ದಾಣದ ಎದುರಿನ ಪ್ರವೀಣಕುಮಾರ್ ಅವರ ಕಂಪ್ಯೂಟರ್ ಸೆಂಟರಿಗೆ ಹೊಸದಾಗಿ ಕೆಲಸಕ್ಕೆ ಬಂದವನು.

ಪ್ರವೀಣಕುಮಾರರಿಗೆ ಆಗ ಒಂದು ಹುಚ್ಚು ಹತ್ತಿತ್ತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ... ಈ ಐದೂ ಊರುಗಳಲ್ಲಿ ಎಂದು, ಎಲ್ಲಿ, ಏನು ನಡೆಯುತ್ತದೆ ಎಂಬುದೆಲ್ಲ ಒಂದೇ ವೆಬ್‌ಸೈಟಿನಲ್ಲಿ ಸಿಗಬೇಕು. ಮದುವೆ, ನಾಟಕ, ಪುರಾಣ, ಕಣ್ಣಿನ ಶಿಬಿರ, ಕಬಡ್ಡಿ ಪಂದ್ಯ, ಎಲ್ಲ. 'ಐದೂರ ಕ್ಯಾಲೆಂಡರ್' ಎಂದು ಹೆಸರೂ ಇಟ್ಟಾಗಿತ್ತು. ಇಷ್ಟೆಲ್ಲ ಮಾಹಿತಿಯನ್ನು ಕಂಪ್ಯೂಟರಿನೊಳಗೆ ಎಲ್ಲೆಲ್ಲಿ ಇಡಬೇಕು, ಯಾವುದಕ್ಕೆ ಯಾವುದನ್ನು ಜೋಡಿಸಬೇಕು ಎಂದು ನಕ್ಷೆ ಹಾಕುವುದು, ಅಂದರೆ ಡೇಟಾಬೇಸ್ ಕಟ್ಟುವುದು, ಶಾಂಭವಿಯ ಪಾಲಿಗೆ ಬಂದಿತ್ತು. ಗೋಡೆಯ ಮೇಲಿದ್ದದ್ದು ಆ ನಕ್ಷೆ; ಅದರ ಒಂದೊಂದು ಪಟ್ಟಿಗೆ ಟೇಬಲ್ ಎಂದು ಹೆಸರು.

"ಯಾಕ ಹರಿಬೇಕು?" ಅವಳು ಎದ್ದೇ ನಿಂತಳು.

"ಮೈಲಾರದ ಜಾತ್ರ್ಯಾಗ ಕಾರಣಿಕ ನುಡಿಯೋದು ಯಾವ ತಾರೀಕು ಹೇಳ್ರಿ."

"ಯಾವ ವರ್ಷದ್ದು?"

"ಹಾಂ! ಈಗ ನೀವೇ ಕೇಳಿದ್ರಿ. ನಿಮ್ಮ ಹಾಳ್ಯಾಗ ಒಂದು ಕಾರ್ಯಕ್ರಮಕ್ಕ ಒಂದೇ ತಾರೀಕು ಬರಿಯಾಕ ಜಾಗ ಐತಿ. ಮುಂದಿನ ವರ್ಷದ್ದು ಬರದ್ರ ಈ ವರ್ಷದ್ದು ಅಳಿಸಿ ಹೋಗ್ತೈತಿ. ಕಾರ್ಯಕ್ರಮ ಒಂದು ಟೇಬಲ್‌ನ್ಯಾಗ ಇರ್ಲಿ, ಅದು ನಡಿಯೋ ದಿನಗಳು ಬ್ಯಾರೆ ಟೇಬಲ್‌ನ್ಯಾಗ ಇರ್ಲಿ. ನಮ್ಮ ಕಡಿ ಹುಣ್ಣಿಮಿ ಅಮಾಸಿ ನೋಡಿ ದಿನ ಇಡ್ತಾರ, ಗೋಡಿ ಕ್ಯಾಲೆಂಡರ್ ನೋಡಿ ಅಲ್ಲ."

ಸರಿಯಾದ ಮಾತು. ಸರಿಯಾದ ಮಾತಾದ್ದರಿಂದಲೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು! ಹಾಳೆಯನ್ನು ಗೋಡೆಯಿಂದ ಕಿತ್ತು ಅವನ ಮುಂದೆ ಎಸೆದಳು.

"ಹಂಗಾರ ನೀವೇ ಬರೀರಿ!"

ಅವನು ಅದೇ ಹಾಳೆಯ ಬೆನ್ನ ಮೇಲೆ ಮಧ್ಯಾಹ್ನದವರೆಗೆ ಬರೆದ. ಆಮೇಲೆ ತಲೆ ಕೆರೆದುಕೊಳ್ಳುತ್ತ ಅವಳ ಮೇಜಿನ ಹತ್ತಿರ ಬಂದ.

"ಬರದೀನಿ. ಆದ್ರ ನಿಮ್ಮಂಗ ನೆಟ್ಟಗ ಗೆರಿ ಎಳಿಯಾಕ ನನಗ ಬರಂಗಿಲ್ಲ. ಅದೊಂದು ನೀವೇ ಎಳದು ಕೊಡ್ರಿ."

ಶಾಂಭವಿ ನಗಬಾರದು ಎಂದುಕೊಂಡಳು. ನಕ್ಕುಬಿಟ್ಟಳು.

ಅಲ್ಲಿಗೆ ಕತೆ ಮುಗಿಯಿತು ನೋಡಿ. ಜಗಳದಿಂದ ಶುರುವಾದ ನಗು ಹುಡುಗಿಯರನ್ನು ಎಲ್ಲಿಗೆ ಕೊಂಡೊಯ್ಯುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಆ ಮಳೆಗಾಲವೆಲ್ಲ ಇಬ್ಬರೂ ಐದು ಊರು ಸುತ್ತಿದರು. ಎಲ್ಲೆಲ್ಲಿ ಕಲ್ಯಾಣ ಮಂಟಪಗಳಿವೆ, ಯಾವ ಊರಲ್ಲಿ ಯಾರು ನಾಟಕ ಆಡಿಸುತ್ತಾರೆ, ಯಾವ ಮಠದಲ್ಲಿ ಎಷ್ಟು ದಿನ ಪುರಾಣ ಎಂದು ಕೇಳಿ ಬರೆದುಕೊಂಡರು. ಹರಪನಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತ ಟೇಬಲ್‌ಗಳ ಬಗ್ಗೆ ಜಗಳವಾಡಿದರು. ಉಚ್ಚಂಗಿದುರ್ಗದ ಮೆಟ್ಟಿಲುಗಳ ಮೇಲೆ ಅವಳ ಚಪ್ಪಲಿ ಕಿತ್ತುಹೋದಾಗ ಅವನು ತನ್ನದನ್ನು ಬಿಚ್ಚಿಕೊಟ್ಟು ಬರಿಗಾಲಲ್ಲಿ ಇಳಿದ. ಎಂದೋ ಒಂದು ದಿನ 'ರೀ ಶಾಂಭವಿ' ಎನ್ನುವುದು ಬರೀ 'ಶಾಂಭವಿ' ಆಯಿತು. 'ನೀವು' ಹೋಗಿ 'ನೀನು' ಬಂತು. ಅವಳು ಮಾತ್ರ 'ರೀ' ಬಿಡಲಿಲ್ಲ. ಅವಳ ಬಾಯಲ್ಲಿ ಆ 'ರೀ' ಬೇರೆಯೇ ಆಗಿತ್ತು.

ಕೂಡ್ಲಿಗಿಗೆ ಹೋದ ದಿನ ಅವನು ಅವಳನ್ನು ತನ್ನ ಮನೆಗೆ ಕರೆದೊಯ್ದ. ಎರಡು ಕೋಣೆಯ ಮನೆ. ಅವನ ತಾಯಿ ಗಾದೆಮ್ಮ ಕೂಲಿಯಿಂದ ಬಂದವಳು ಕೈಕಾಲು ತೊಳೆದುಕೊಂಡು, ಶಾಂಭವಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಮಗನ ಮುಖವನ್ನೂ ನೋಡಿದಳು. ಪೆಟ್ಟಿಗೆ ತೆಗೆದು ರವಿಕೆಯ ಒಂದು ಹಸಿರು ಖಣ ತಂದು, ಕುಂಕುಮ ಹಚ್ಚಿ ಅವಳ ಕೈಯಲ್ಲಿಟ್ಟಳು.

"ಇದನ್ನ ಈಗ ಹೊಲಿಸಬ್ಯಾಡವ್ವ. ಈ ಮನಿ ತುಂಬಾಕ ಬರ್ತಿಯಲ್ಲ, ಆವತ್ತು ಹೊಲಿಸಿ ತೊಟ್ಕೊಂಡು ಬಾ."

ಶಾಂಭವಿಗೆ ಕಣ್ಣು ತುಂಬಿ ಬಂತು. 'ಇವರ ಸೊಸೆ ನಾನು' ಎಂದು ಅವಳ ಮನಸ್ಸು ಅಂದೇ ಬರೆದುಕೊಂಡಿತು.

ಸೆಪ್ಟೆಂಬರ್ ಹೊತ್ತಿಗೆ ಕೆಲಸ ಮುಗಿಯುತ್ತ ಬಂದಿತ್ತು. ಕೊನೆಗೆ ಉಳಿದದ್ದು ಮದುವೆಯ ಫಾರಂ. ಕಲ್ಯಾಣ ಮಂಟಪದ ಮ್ಯಾನೇಜರುಗಳು ತಮ್ಮೂರಿನ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ತುಂಬುವ ಫಾರಂ. ದಿನ, ಮಂಟಪ, ವಧುವಿನ ಹೆಸರು, ವರನ ಹೆಸರು.

"ವರನ ಹೆಸರಿಂದು ಖಾಲಿ ಬಿಡಾಕ ಅವಕಾಶ ಇರ್ಲಿ," ಅಂದ ಹುಲುಗೇಶ.

"ವರ ಇಲ್ದ ಮದುವಿ ಯಾವೂರಾಗ ಆಗ್ತೈತ್ರಿ?"

"ಮದುವಿ ಆಗಂಗಿಲ್ಲ. ಆದ್ರ ಛತ್ರ ಹಿಡಿತಾರ. ಒಳ್ಳೆ ಮುಹೂರ್ತ ನಾಕೇ ಇರ್ತಾವ, ಛತ್ರ ಸಿಗಂಗಿಲ್ಲ ಅಂತ ವರ ಗೊತ್ತಾಗೋಕ ಮೊದ್ಲ ಹಿಡಿದಿಡ್ತಾರ. ಆಮ್ಯಾಲೆ ವರನ್ನ ಹುಡುಕ್ತಾರ."

"ಕೂಸು ಹುಟ್ಟೋಕ ಮುಂಚೆ ಕುಲಾವಿ! ಹಂಗ ಸುಮ್ಮನ ಹಿಡಿದಿಡೋದನ್ನ ತಪ್ಪಿಸಾಕೇ ಕಡ್ಡಾಯ ಮಾಡಬೇಕು. ಹೆಸರು ಬರೀಲಿಲ್ಲ ಅಂದ್ರ ಫಾರಂ ಮುಂದ ಹೋಗಬಾರದು."

"ಶಾಂಭವಿ, ಗೊತ್ತಿಲ್ಲ ಅನ್ನೋದೂ ಒಂದು ಉತ್ತರ ಅಲ್ಲೇನು?"

"ಅಲ್ಲ! ಒಂದೋ ವರ ಅದಾನ, ಇಲ್ಲಂದ್ರ ಇಲ್ಲ. ನೀವು ಬರಕೊಳ್ರಿ."

ಅವನು ನಗುತ್ತ ಅವಳ ನೋಟ್‌ಬುಕ್ ಎಳೆದುಕೊಂಡು ತನ್ನ ಸೊಟ್ಟ ಅಕ್ಷರದಲ್ಲಿ ಬರೆದ: *ವರನ ಹೆಸರು ಕಡ್ಡಾಯ.* ಕೆಳಗೆ ಒಂದು ಗೆರೆ ಬೇರೆ ಎಳೆದ. ಅದೂ ಸೊಟ್ಟಗೇ ಬಂತು.

ಆ ಒಂದು ಸಾಲು ತನ್ನ ಐದು ವರ್ಷ ನುಂಗುತ್ತದೆ ಎಂದು ಆ ಹುಡುಗಿಗೆ ಯಾರು ಹೇಳಬೇಕಿತ್ತು?

ದೀಪಾವಳಿಗೆ ಇನ್ನು ಹದಿನೈದು ದಿನವಿತ್ತು. ಶಾಂಭವಿಯ ತಂದೆ ಏಕಾಂತಪ್ಪ ಮಂಡಕ್ಕಿ ಭಟ್ಟಿಯ ಮಾಲೀಕರು, ಊರಲ್ಲಿ ನಾಲ್ಕು ಜನ ಮಾತು ಕೇಳುವಂಥವರು. ಮನೆಯಲ್ಲಿ ಅವಳ ಮದುವೆಯ ಮಾತು ಶುರುವಾಗಿತ್ತು. ಸಂಜೆ ಬಸ್ ನಿಲ್ದಾಣದಲ್ಲಿ ಕೂಡ್ಲಿಗಿ ಬಸ್ಸಿಗೆ ಕಾಯುತ್ತ ನಿಂತ ಹುಲುಗೇಶನ ಎದುರು ಅವಳು ಹೇಳಿಯೇಬಿಟ್ಟಳು.

"ನೀವು ಬಂದು ಅಪ್ಪಾಜಿನ್ನ ಕೇಳ್ರಿ."

"ನಿಮ್ಮ ಜಾತಿ ಯಾವುದು, ನಮ್ಮ ಜಾತಿ ಯಾವುದು... ಹೊಸ್ತಿಲ ದಾಟಿಸ್ತಾರೇನು ನನ್ನ?"

"ನಿಮ್ಮನ್ನ ಒಳಗ ದಾಟಿಸ್ಲಿಲ್ಲ ಅಂದ್ರ ನಾನು ಹೊರಗ ದಾಟ್ತೀನಿ. ಆದ್ರ ನೀವು ಬಂದು ಕೇಳಬೇಕು. ಕೇಳದ ಓಡಿ ಹೋಗೋಳಲ್ಲ ನಾನು."

ಅವನು ಅವಳನ್ನೇ ನೋಡಿದ. ಬಸ್ಸು ಬಂತು. ಮೆಟ್ಟಿಲ ಮೇಲೆ ನಿಂತು ಹೇಳಿದ:

"ಸೋಮವಾರ ಬರ್ತೀನಿ. ನಿಮ್ಮೂರ ದೇವ್ರು ಕೊಟ್ರೇಶಪ್ಪನ ವಾರ. ಬೆಳಿಗ್ಗೇ ಬರ್ತೀನಿ."

ಸೋಮವಾರ ಶಾಂಭವಿ ನಸುಕಿಗೇ ಎದ್ದು ತಲೆಗೆ ಸ್ನಾನ ಮಾಡಿದಳು. ಹಸಿರು ಸೀರೆ ಉಟ್ಟಳು. ತಾಯಿ ಅನ್ನದಾನಮ್ಮನಿಗೆ "ಇವತ್ತು ಒಬ್ಬರು ಬರ್ತಾರವ್ವ, ಉಪ್ಪಿಟ್ಟು ಮಾಡು" ಅಂದಳು. ಯಾರು ಎಂದು ಹೇಳಲಿಲ್ಲ. ತಾಯಿ ಕೇಳಲೂ ಇಲ್ಲ, ಆದರೆ ಒಗ್ಗರಣೆಯ ಸಾಸಿವೆ ಚೆಲ್ಲಿದಳು.

ಎಂಟು ಗಂಟೆ... ಹತ್ತು ಗಂಟೆ... ಮಧ್ಯಾಹ್ನ.

ಉಪ್ಪಿಟ್ಟು ಆರಿತು.

ಅವನು ಬರಲಿಲ್ಲ!

ಮರುದಿನ ಸೆಂಟರಿಗೆ ಓಡಿದರೆ, ಅವನ ಕುರ್ಚಿ ಖಾಲಿ. "ಶನಿವಾರನೇ ಕೆಲಸ ಬಿಟ್ಟು ಹೋಗ್ಯಾನವ್ವ, ಯಾಕಂತ ಹೇಳ್ಲಿಲ್ಲ," ಅಂದರು ಪ್ರವೀಣಕುಮಾರ್. ಅವಳ ಮೇಜಿನ ಮೇಲೆ ನೋಟ್‌ಬುಕ್ ಇತ್ತು. ಅದರೊಳಗೆ ಒಂದು ಚೀಟಿ. ಅದರಲ್ಲಿ ಒಂದೇ ಮಾತು.

*ಶುಭವಾಗಲಿ.*

ಶಾಂಭವಿ ಆ ಚೀಟಿಯನ್ನು ಎಷ್ಟು ಸಲ ಓದಿದಳೋ! 'ಹೆದರಿಬಿಟ್ಟನಲ್ಲ... ಅಪ್ಪಾಜಿಯ ಮುಂದೆ ನಿಲ್ಲುವ ಧೈರ್ಯವಿಲ್ಲದೆ ಓಡಿಹೋದನಲ್ಲ. ಹೋಗುವಾಗ ನನಗೆ ಶುಭ ಹಾರೈಸುತ್ತಾನೆ, ಹೇಡಿ!' ಎರಡು ತಿಂಗಳು ಅವಳು ಸೆಂಟರಿನ ಕಡೆ ತಲೆ ಹಾಕಲಿಲ್ಲ. ಕೂಡ್ಲಿಗಿಯ ಬಸ್ಸು ಕಂಡರೆ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಒಂದು ಸಲ ಹೋಗಿ ಕೇಳಬಹುದಿತ್ತು. ಕೂಡ್ಲಿಗಿ ಏನು ಕಾಶಿಯೇ? ಆದರೆ ಕೇಳಬೇಕಾದವನು ಅವನು ಎಂಬ ಹಟ ಅವಳದು. ನನಗಂತೂ ಇಲ್ಲಿ ಅವಳ ಕೆನ್ನೆಗೆ ಎರಡು ಬಿಡೋಣ ಅನ್ನಿಸುತ್ತದೆ.

ಸಂಬಂಧಗಳು ಬಂದವು. ಅವಳು ಬೇಡವೆಂದಳು. ಮೂರು, ಐದು, ಒಂಬತ್ತು. ಏಕಾಂತಪ್ಪ ಕೊನೆಗೆ ಮಗಳ ಜೊತೆ ಮಾತು ಬಿಟ್ಟರು. ಊಟಕ್ಕೆ ಕರೆಯುವುದಿದ್ದರೂ ಹೆಂಡತಿಯ ಮೂಲಕವೇ. ತಂಗಿ ಭಾಗ್ಯಳ ಮದುವೆ ಅವಳಿಗಿಂತ ಮೊದಲು ಆಯಿತು. ಆ ಮದುವೆಯಲ್ಲಿ ಬೀಗರ ಕಡೆಯವಳೊಬ್ಬಳು ಎಲ್ಲರಿಗೂ ಕೇಳುವಂತೆ "ದೊಡ್ಡಾಕಿಗೆ ಏನು ದೋಷ ಐತಂತ?" ಎಂದು ಕೇಳಿದಳು. ಶಾಂಭವಿ ಪಂಕ್ತಿಗೆ ಹೋಳಿಗೆ ಬಡಿಸುತ್ತಿದ್ದಳು. ಬುಟ್ಟಿ ಕೆಳಗಿಡಲಿಲ್ಲ. ಕೊನೆಯ ಎಲೆಯವರೆಗೂ ಬಡಿಸಿದಳು.

ಐದೂರ ಕ್ಯಾಲೆಂಡರ್ ಮಾತ್ರ ಬೆಳೆಯಿತು. ಮತ್ತೆ ಕೆಲಸಕ್ಕೆ ಬಂದ ಮರುವರ್ಷ ಒಂದು ದಿನ ಅವಳು ಮದುವೆಗಳ ಪಟ್ಟಿ ತೆಗೆದು ನೋಡಿ ಬೆಚ್ಚಿಬಿದ್ದಳು. ವರನ ಹೆಸರು: 'ಗೊತ್ತಿಲ್ಲ'. ವರನ ಹೆಸರು: 'ಹುಡುಕಾಕತ್ತೀವಿ'. ಒಂದು ಮದುವೆಗಂತೂ ವರನ ಹೆಸರು 'ಚುಕ್ಕಿ ಚುಕ್ಕಿ ಚುಕ್ಕಿ'! ಹೆಸರಿಲ್ಲದೆ ಫಾರಂ ಮುಂದೆ ಹೋಗುವುದಿಲ್ಲವಲ್ಲ, ಜನ ಕೈಗೆ ಸಿಕ್ಕದ್ದು ಬರೆದಿದ್ದರು.

'ಅವನು ಹೇಳಿದ್ದೇ ನಿಜ...' ಎಂದು ಹಲ್ಲು ಕಚ್ಚಿಕೊಂಡು ಅವಳು ಆ ಕಡ್ಡಾಯ ತೆಗೆದುಹಾಕಿದಳು. ಅಂದಿನಿಂದ ವಧು ಆಗಲಿ, ವರ ಆಗಲಿ, ಹೆಸರು ಖಾಲಿ ಬಿಟ್ಟರೂ ಫಾರಂ ತೆಗೆದುಕೊಳ್ಳುತ್ತಿತ್ತು. ಪಕ್ಕದಲ್ಲಿ 'ಹಿಡಿದಿಟ್ಟದ್ದು' ಎಂದು ತೋರಿಸುತ್ತಿತ್ತು.

2009ರ ಆಗಸ್ಟ್.

ಯಾವ ತಿಂಗಳು ಯಾವ ಊರಲ್ಲಿ ಎಷ್ಟು ಕಾರ್ಯಗಳಾಗಿವೆ ಎಂದು ಐದು ವರ್ಷದ್ದು ಒಟ್ಟಿಗೆ ತೋರಿಸಬೇಕೆಂಬುದು ಪ್ರವೀಣಕುಮಾರರ ಹೊಸ ಹುಚ್ಚು. ಅದಕ್ಕಾಗಿ ಶಾಂಭವಿ ಹಳೆಯ ಸಿ.ಡಿ.ಗಳನ್ನು ಒಂದೊಂದಾಗಿ ಹಾಕಿ ಹೊಸ ಟೇಬಲ್‌ಗಳಿಗೆ ತುಂಬುತ್ತಿದ್ದಳು. ಪ್ರತಿ ಶನಿವಾರ ಡೇಟಾಬೇಸಿನ ನಕಲು ತೆಗೆದಿಟ್ಟ ಸಿ.ಡಿ.ಗಳವು. ಮೊದಮೊದಲಿನವುಗಳ ಮೇಲೆ ಸೊಟ್ಟ ಅಕ್ಷರಗಳಿದ್ದವು. ಅವಳು ಆ ಅಕ್ಷರ ನೋಡದ ಹಾಗೆ ಸಿ.ಡಿ. ತಿರುಗಿಸಿ ಹಾಕುತ್ತಿದ್ದಳು.

ಸೊಟ್ಟ ಅಕ್ಷರದ ಕೊನೆಯ ಸಿ.ಡಿ. ತೆರೆಯಿತು. ಅವನು ಕೆಲಸ ಬಿಟ್ಟ ಶನಿವಾರದ್ದು.

ಆ ದಿನ ಹೊಸದಾಗಿ ಬಂದದ್ದು ಎರಡೇ ಸಾಲು. ಒಂದು ಹರಪನಹಳ್ಳಿಯ ನಾಟಕ. ಇನ್ನೊಂದು ಹಗರಿಬೊಮ್ಮನಹಳ್ಳಿಯ ಒಂದು ಕಲ್ಯಾಣ ಮಂಟಪದ್ದು.

*ವಧು: ಶಾಂಭವಿ, ತಂದೆ ಏಕಾಂತಪ್ಪ, ಕೊಟ್ಟೂರು.*
*ವರ: ಕೊಟ್ರಸ್ವಾಮಿ, ತಂಬ್ರಹಳ್ಳಿ.*

ಅವಳಿಗೆ ಕೂತ ಕುರ್ಚಿ ತಿರುಗಿದಂತಾಯಿತು.

ಕೊಟ್ರಸ್ವಾಮಿ ಅವಳ ಸ್ವಂತ ಸೋದರಮಾವ. ಅನ್ನದಾನಮ್ಮನ ಕೊನೆಯ ತಮ್ಮ. ಆಗಿನ್ನೂ ಮದುವೆಯಾಗಿರಲಿಲ್ಲ. ಅಕ್ಕನ ಮಗಳನ್ನು ಮಾವನಿಗೆ ಕೊಡುವುದು ಈ ಸೀಮೆಯಲ್ಲಿ ಯಾರೂ ಹುಬ್ಬೇರಿಸುವ ಸಂಗತಿಯಲ್ಲ. ಹಿಂದೆ ಒಮ್ಮೆ ಸೆಂಟರಿಗೆ ಬಂದು, ಹುಲುಗೇಶನ ಎದುರೇ "ಏನವ್ವಾ ಸೊಸಿ, ಇನ್ನೂ ಮನಿಗೆ ಹೋಗಿಲ್ಲೇನು?" ಎಂದು ತಮಾಷೆ ಮಾಡಿ ಹೋಗಿದ್ದವನು.

ಅಲ್ಲಿಂದಲೇ ಮಾವನಿಗೆ ಫೋನ್ ಹಚ್ಚಿದಳು.

"ಮಾವ, ನೀ ಯಾವಾಗಾರ ನನ್ನ ಹೆಸರಿಲೆ ಛತ್ರ ಹಿಡಿದಿದ್ದೇನು?"

"ಯವ್ವ, ಅದು ಎಷ್ಟು ವರ್ಷದ ಮಾತು! ನಿಮ್ಮಪ್ಪ ಹೇಳಿದ್ದ, ವರ ಆಮ್ಯಾಲೆ ಹುಡುಕೋಣ, ವೈಶಾಖದ ಮುಹೂರ್ತಕ್ಕ ಮೊದ್ಲ ಒಂದು ಛತ್ರ ಹಿಡಿ ಅಂತ. ಯಾಕ?"

"ವರನ ಹೆಸರು ಏನಂತ ಬರಿಸಿದ್ದಿ?"

ಕೊಟ್ರಸ್ವಾಮಿ ನಕ್ಕ. "ಅದಾ? ಮ್ಯಾನೇಜರ್ ಗಂಗಪ್ಪ ಹೇಳ್ದ, ವರನ ಹೆಸರು ಬರೀದಿದ್ರ ಕಂಪ್ಯೂಟರ್ ಮುಂದ ಹೋಗಂಗಿಲ್ಲ, ಏನು ಬರೀಲಿ ಅಂತ. ಯಾವನದೋ ಬರಿಯೋದ್ಯಾಕ, ಛತ್ರ ಹಿಡಿಯಾಕ ಬಂದಾವ ನಾನು, ನಂದೇ ಬರ್ಕೊ ಅಂದೆ. ನೀ ಒಬ್ಬ ವರನ್ನೂ ಒಪ್ಪಲಿಲ್ಲ, ಆಮ್ಯಾಲೆ ಛತ್ರ ಬಿಟ್ಟುಕೊಟ್ವಿ. ಗಂಗಪ್ಪ ಅದನ್ನ ಅಳಿಸಿರಬೇಕು. ಯಾಕವ್ವ, ಏನಾತು?"

"ಏನಿಲ್ಲ ಮಾವ... ಏನಿಲ್ಲ."

ನೋಟ್‌ಬುಕ್ ಇನ್ನೂ ಡ್ರಾಯರಿನಲ್ಲಿತ್ತು. ತೆಗೆದು ನೋಡಿದಳು. *ವರನ ಹೆಸರು ಕಡ್ಡಾಯ.* ಅಕ್ಷರ ಅವನದು. ಹಟ ತನ್ನದು!

ಅವನು ಹೆದರಿ ಓಡಿದ್ದಲ್ಲ. ಆ ಶನಿವಾರ ಸಂಜೆ ಇದೇ ಕುರ್ಚಿಯಲ್ಲಿ ಕೂತು ಈ ಸಾಲನ್ನು ಓದಿದ್ದಾನೆ. 'ಸೋಮವಾರ ಬಂದು ಕೇಳು' ಎಂದವಳೇ ಒಳಗೊಳಗೆ ಮಾವನಿಗೆ ಒಪ್ಪಿದ್ದಾಳೆ ಎಂದುಕೊಂಡಿದ್ದಾನೆ. ಓದಿದ ಮೇಲೂ ನಕಲು ತೆಗೆದು, ಸಿ.ಡಿ.ಯ ಮೇಲೆ ತಾರೀಕು ಬರೆದು, ಶುಭವಾಗಲಿ ಎಂದು ಚೀಟಿಯಿಟ್ಟು ಹೋಗಿದ್ದಾನೆ.

ಶಾಂಭವಿ ಸೆರಗು ಬಾಯಿಗೊತ್ತಿ ಅತ್ತಳು. ಅಳು ಮುಗಿಯುವ ಮೊದಲೇ ಸಿಟ್ಟೂ ಬಂತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ ಹಿರಿಯರು. ಒಂದು ಮಾತು, ಒಂದೇ ಒಂದು ಮಾತು ಕೇಳಿದ್ದರೆ?

'ಈಗ ಎಲ್ಲಿದ್ದಾನೋ... ಮದುವೆ ಆಗಿ ಮಕ್ಕಳೂ ಆಗಿರಬೇಕು.'

ಮದುವೆಗಳ ಟೇಬಲ್ ತೆರೆದು 'ಹುಲುಗೇಶ' ಎಂದು ಬರೆದು ಹುಡುಕಿದಳು. ನಾಲ್ಕು ಹುಲುಗೇಶರು ಬಂದರು. ಮೂವರು ಬೇರೆ. ನಾಲ್ಕನೆಯದು, ಬರೀ ಹದಿನೈದು ದಿನದ ಹಿಂದಿನದು.

*ವರ: ಹುಲುಗೇಶ, ತಂದೆ ಮಂಜಣ್ಣ, ಕೂಡ್ಲಿಗಿ. ದೀಪಾವಳಿ ನಂತರದ ಮುಹೂರ್ತ. ಹಿಡಿದವರು: ಅಕ್ಕ ಗೀತಮ್ಮ. ಈಗಿನ ವಿಳಾಸ: ಲಗ್ನಪತ್ರಿಕೆ ಮುದ್ರಣದ ಅಂಗಡಿ, ಹಡಗಲಿ.*

*ವಧು:*

ಅಷ್ಟೇ. ಮುಂದೆ ಏನೂ ಇರಲಿಲ್ಲ.

ಶಾಂಭವಿ ಆ ಖಾಲಿ ಜಾಗವನ್ನು ತುಂಬ ಹೊತ್ತು ನೋಡಿದಳು. ಹುಡುಗಿ ಗೊತ್ತಾಗಿ ಹೆಸರು ಬರೆಯುವುದು ಬಿಟ್ಟಿರಬಹುದು. ನಾಳೆ ಬರೆಯಬಹುದು. ಏನು ಬೇಕಾದರೂ ಇರಬಹುದು... ಆದರೆ ಈ ಸಲ ಅವಳು ಟೇಬಲ್ ನೋಡಿ ತೀರ್ಮಾನ ಮಾಡಲು ತಯಾರಿರಲಿಲ್ಲ. ಎರಡೂ ಸಾಲುಗಳನ್ನು ಪ್ರಿಂಟ್ ತೆಗೆದಳು. ಮನೆಗೆ ಹೋಗಿ ಪೆಟ್ಟಿಗೆಯ ತಳದಿಂದ ಒಂದು ಗಂಟು ತೆಗೆದು ಬ್ಯಾಗಿಗೆ ಹಾಕಿಕೊಂಡಳು. ಹಡಗಲಿ ಬಸ್ಸು ಹತ್ತಿದಳು.

ಎರಡು ತಾಸಿನ ದಾರಿ. ಐದು ವರ್ಷ ಅವನಿದ್ದದ್ದು ಎರಡು ತಾಸಿನ ದೂರದಲ್ಲಿ!

ಅಂಗಡಿಯ ತುಂಬ ಶಾಯಿಯ ವಾಸನೆ. ಆಗತಾನೇ ಅಚ್ಚಾದ ಲಗ್ನಪತ್ರಿಕೆಗಳನ್ನು ಹಗ್ಗದ ಮೇಲೆ ಒಣಹಾಕುತ್ತಿದ್ದವನು ತಿರುಗಿದ. ಕೈಯಲ್ಲಿದ್ದ ಪತ್ರಿಕೆಗಳು ಕೆಳಗೆ ಬಿದ್ದವು. ಕಿವಿಯ ಮೇಲೆ ಕೂದಲು ಬೆಳ್ಳಗಾಗಿತ್ತು. ಮೂವತ್ತೂ ದಾಟಿತ್ತೋ ಇಲ್ಲವೋ.

"ಬರ್ರಿ... ಕುಂದರ್ರಿ," ಅಂದ. "ಲಗ್ನಪತ್ರಿಕಿ ಮಾಡಿಸೋದಿತ್ತೇನ್ರಿ? ಕೊಟ್ರಸ್ವಾಮಿಯವ್ರು ಆರಾಮದಾರ?"

'ನೀವು' ಅಂದ. ಐದು ವರ್ಷದ ಹಿಂದೆ ಬಿಟ್ಟ 'ನೀವು' ಎಲ್ಲಿತ್ತೋ, ಹುಡುಕಿ ತಂದಿದ್ದ. ಶಾಂಭವಿ ಮೊದಲ ಪ್ರಿಂಟನ್ನು ಅವನ ಮುಂದಿಟ್ಟಳು.

ಅವನು ಓದಲಿಲ್ಲ. "ಇದು ನನಗ ಬಾಯಿಪಾಠ ಐತ್ರಿ."

"ನಮ್ಮ ಮಾವಗ ಮದುವಿ ಆಗಿ ಎರಡು ಮಕ್ಳು. ಅವನ ಹೆಂಡ್ತಿ ಬಳ್ಳಾರಿಯಾಕಿ."

ಹುಲುಗೇಶ ಅವಳ ಕೊರಳು ನೋಡಿದ. ಕಾಲಿನ ಬೆರಳು ನೋಡಿದ. ತಾಳಿ ಇರಲಿಲ್ಲ, ಕಾಲುಂಗುರ ಇರಲಿಲ್ಲ.

"ಅಪ್ಪಾಜಿ ಛತ್ರ ಹಿಡಿದಿಟ್ಟಿದ್ರು, ವರ ಇಲ್ದಂಗ. ನನಗೂ ಹೇಳಿರಲಿಲ್ಲ. ವರನ ಹೆಸರು ಕಡ್ಡಾಯ ಅಂತ ಫಾರಂ ಕೇಳ್ತು. ಮಾವ ತನ್ನ ಹೆಸರು ಬರಿಸಿದ. ಅಷ್ಟೇ ಆಗಿದ್ದು. ಇಷ್ಟೇ ಆಗಿದ್ದು!"

ಅವನು ಅಲ್ಲೇ ಕಾಗದದ ಬಂಡಲಿನ ಮೇಲೆ ಕುಳಿತ. ಹೊರಗೆ ಯಾರೋ ಸೈಕಲ್ ಬೆಲ್ ಹೊಡೆಯುತ್ತ ಹೋದರು.

"ನಾನು ನಿಮ್ಮನ್ನ ಸೋಮವಾರ ಬರ್ರಿ ಅಂದಿದ್ದೆ," ಅಂದಳು ಶಾಂಭವಿ. "ಸೀರಿ ಉಟ್ಕೊಂಡು ಬಾಗಿಲಾಗ ನಿಂತಿದ್ದೆ. ನೀವು ನನ್ನ ಮಾತು ನಂಬಲಿಲ್ಲ. ನನ್ನ ಟೇಬಲ್ ನಂಬಿದ್ರಿ!"

"ಟೇಬಲ್ ಕಟ್ಟಿದಾಕಿ ನೀವೇ ಅಲ್ಲೇನ್ರಿ? ನಿಮ್ಮ ಟೇಬಲ್‌ನ್ಯಾಗ ಸುಳ್ಳು ಇರಂಗಿಲ್ಲ ಅಂತ..."

"ಹಂಗಾರ ತಪ್ಪು ನಂದಾ?"

"ಅಲ್ಲ." ಅವನು ಬೆರಳಿನ ಶಾಯಿ ಉಜ್ಜಿಕೊಂಡ. "ಖರೇ ಹೇಳ್ತೀನಿ. ಅದನ್ನ ಓದಿದಾಗ ನನಗ ಆಶ್ಚರ್ಯನೇ ಆಗ್ಲಿಲ್ಲ. ಆಗೋದೇ ಹಿಂಗ ಅಂತ ನಾನು ಮೊದಲಿಂದ ತಯಾರಾಗಿದ್ದೆ. ನಮ್ಮಂಥವ್ರಿಗೆ ಅಂಥ ಮನಿ ಹುಡುಗಿ ಎಲ್ಲಿ ಸಿಗ್ತಾಳ ಅಂತ... ಆ ಸಾಲು ಬರದಿದ್ರ ಇನ್ನೊಂದು ಏನೋ ನೋಡಿ ನಂಬಿರ್ತಿದ್ದೆ ಅನ್ನಿಸ್ತೈತಿ."

ಬೈಯಲು ಕೂಡಿಟ್ಟುಕೊಂಡು ಬಂದ ಮಾತುಗಳನ್ನು ಶಾಂಭವಿ ಬಿಟ್ಟಳು. ಬ್ಯಾಗಿನಿಂದ ಗಂಟು ತೆಗೆದು ಬಿಚ್ಚಿ ಹಸಿರು ಖಣವನ್ನು ಮೇಜಿನ ಮೇಲಿಟ್ಟಳು. ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸಿತ್ತು.

"ಅತ್ತಿ ಹೆಂಗದಾರ?"

ಹುಲುಗೇಶ ಖಣದ ಮೇಲೆ ಅಂಗೈ ಇಟ್ಟ.

"ಹೋದ ವರ್ಷ ಹೋದ್ಲು."

ಶಾಂಭವಿ ಖಣದ ಅಂಚು ಹಿಡಿದಳು.

"ನಿಮ್ಮ ಸುದ್ದಿ ಹೇಳಿದ ದಿನ ಅವ್ವ ನಂಬಲೇ ಇಲ್ಲ. 'ಆ ಹುಡುಗಿ ಹಂಗ ಮಾಡಾಕಿ ಅಲ್ಲಲೇ, ಒಂದು ಸಲ ಹೋಗಿ ಬಾಯಿಬಿಟ್ಟು ಕೇಳಿ ಬಾ' ಅಂದ್ಲು. ಸಾಯೋ ತನಕ ಅದನ್ನೇ ಅಂತಿದ್ಲು. 'ಕೇಳಿದೇನಲೇ? ಕೇಳಿದೇನು?'... ನಾನು ಕೇಳಿದೀನಿ ಅಂತ ಸುಳ್ಳು ಹೇಳಿದೆ. ಆಮ್ಯಾಲೆ ಅವ್ವ ನಿಮ್ಮ ಹೆಸರು ಎತ್ತಲಿಲ್ಲ."

ಅವಳು ಗೋಡೆಗೆ ಒರಗಿದಳು. ಒಂದು ಸಲ ನೋಡಿದ ಮುದುಕಿ ತನ್ನನ್ನು ನಂಬಿದ್ದಳು. ಜೊತೆಗೆ ಐದೂರು ತಿರುಗಿದವನು ನಂಬಿರಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುತ್ತದೆಯೇ? ಗಾದೆಮ್ಮ ಬರುವುದಿಲ್ಲ. ಈ ಖಣವನ್ನು ತೊಟ್ಟದ್ದು ನೋಡಬೇಕಾದವಳು ಇಲ್ಲ.

ಇಬ್ಬರೂ ಅತ್ತರು. ಒಬ್ಬರನ್ನೊಬ್ಬರು ಸಮಾಧಾನ ಮಾಡಲಿಲ್ಲ. ಆ ಅಳು ಬೇರೆ ಬೇರೆಯಾಗಿಯೇ ಅಳಬೇಕಾದದ್ದಾಗಿತ್ತು.

ಕೊನೆಗೆ ಶಾಂಭವಿ ಮುಖ ಒರೆಸಿಕೊಂಡು ಎರಡನೆಯ ಪ್ರಿಂಟನ್ನು ತೆಗೆದಳು.

"ಇದನ್ನ ಕೇಳಾಕ ಬಂದೀನಿ. ಹೆಸರು ಬರದಿಲ್ಲ ಯಾಕ? ಹುಡುಗಿ ಗೊತ್ತಾಗೈತೇನು? ಖರೇ ಹೇಳ್ರಿ. ಇದ್ರ ಅದಾಳ ಅನ್ರಿ, ನಾನು ಬಂದ ಬಸ್ಸಿಗೇ ಹೋಗ್ತೀನಿ."

"ಯಾರೂ ಇಲ್ಲ. ಅವ್ವನ ವರ್ಷದ ಕಾರ್ಯ ಮುಗಿದ ಮ್ಯಾಲೆ ಗೀತಕ್ಕ ಹಟ ಹಿಡಿದ್ಲು. 'ಛತ್ರ ಹಿಡಿದ್ರ ಹುಡುಗಿ ತಾನೇ ಬರ್ತಾಳ' ಅಂತ. ಮ್ಯಾನೇಜರ್ ಬದ್ಲು ಫಾರಂ ನಾನೇ ತುಂಬಿದೆ." ಅವನು ಆ ಖಾಲಿ ಜಾಗದ ಮೇಲೆ ಬೆರಳಿಟ್ಟ. "ವಧುವಿನ ಹೆಸರು ಬಂದಾಗ ಕೈ ಓಡ್ಲಿಲ್ಲ. ಈಗ ಕಂಪ್ಯೂಟರ್ ಬೈತೈತಿ, ಕಡ್ಡಾಯ ಅಂತೈತಿ ಅಂತ ಕುಂತಿದ್ದೆ. ಬೈಲಿಲ್ಲ. ಖಾಲಿನೇ ತಗೊಂತು... ಶಾಂಭವಿ ಬದಲಾಯಿಸ್ಯಾಳ ಅಂತ ಗೊತ್ತಾತು. ನನ್ನ ಮಾತು ನೆನಪಿಟ್ಟಾಳ ಅಂತ. ಆ ಬ್ರೌಸಿಂಗ್ ಸೆಂಟರ್‌ನ್ಯಾಗ ಎಲ್ಲಾರ ಮುಂದ ಅತ್ತುಬಿಟ್ಟೆ, ಹುಚ್ಚನಂಗ."

"ಸಿಟ್ಟಿಗೆ ಬದಲಾಯಿಸಿದ್ದೆ," ಅಂದಳು ಅವಳು. "ಪ್ರೀತಿಗಲ್ಲ."

"ಇರ್ಲಿ."

"ಸಿಟ್ಟು ಇನ್ನೂ ಐತಿ. ಹೋಗಂಗಿಲ್ಲ ಅದು. ನೀವು ಬರಲಿಲ್ಲ ಅನ್ನೋದು ನನಗ ಸಾಯೋ ತನಕ ಇರ್ತೈತಿ."

"ಇರ್ಲಿ, ಶಾಂಭವಿ. ಅದನ್ನ ನನ್ನ ಮನ್ಯಾಗೇ ಇಟ್ಕೊ... ನೀನು ಬರೋದಾದ್ರ."

'ನೀನು'!

ಅವಳು ಮುಖ ಮುಚ್ಚಿಕೊಂಡಳು. ಹುಲುಗೇಶ ಎದ್ದು ಬಂದು, ಶಾಯಿ ಹತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡು, ಮುಟ್ಟಲೋ ಬೇಡವೋ ಎಂಬಂತೆ ಅವಳ ತಲೆಯ ಮೇಲೆ ಇಟ್ಟ.

"ಈ ಸೋಮವಾರ ಬರ್ತೀನಿ. ನಿಮ್ಮಪ್ಪಾಜಿನ್ನ..."

"ಸೋಮವಾರ ಅನ್ನಬ್ಯಾಡ್ರಿ!" ಶಾಂಭವಿ ಸಟ್ಟನೆ ತಲೆ ಎತ್ತಿದಳು. ಖಣವನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು. "ನಾಕೂವರಿಗೆ ಕೊಟ್ಟೂರಿಗೆ ಬಸ್ಸೈತಿ. ಅಂಗಡಿ ಬಾಗ್ಲ ಹಾಕ್ರಿ."

ಅವನು ಗಡಿಯಾರ ನೋಡಿದ. ನಾಲ್ಕೂ ಹತ್ತು. ನೆಲದ ಮೇಲೆ ಬಿದ್ದ ಯಾರದೋ ಲಗ್ನಪತ್ರಿಕೆಗಳನ್ನು ಒಂದೊಂದಾಗಿ ಆರಿಸಿ, ಮೇಜಿನ ಮೇಲಿಟ್ಟು, ಬೀಗ ತೆಗೆದುಕೊಂಡ. ಬಾಗಿಲಲ್ಲಿ ಒಂದು ಕ್ಷಣ ನಿಂತ.

"ನಿಮ್ಮಪ್ಪಾಜಿ ಇಲ್ಲ ಅಂದ್ರ?"

"ಅಂತಾರ," ಅಂದಳು ಶಾಂಭವಿ. "ಅವ್ರ ಬಾಯಿಂದಲೇ ಕೇಳೋಣ, ಬರ್ರಿ."